ಚಾಕಲೇಟಿನ ಹುಳಿ ಎಲ್ಲಿಂದ ಬಂತು?

ಗೂಡಂಗಡಿಯ ಕಟ್ಟೆ ಮೇಲೆ ಸಾಲಾಗಿ ಕೂತ ಪೆಪ್ಪರ್‌ಮಿಂಟಿನ ಭರಣಿಗಳನ್ನು ದಾಟಿಕೊಂಡು ಹೋಗುವುದು ನನಗೆ ಇವತ್ತಿಗೂ ಕಷ್ಟ. ಕಮ್ಮರಕಟ್ಟು, ಶುಂಠಿ ಪೆಪ್ಪರ್‌ಮಿಂಟು, ಕಿತ್ತಳೆ ತೊಳೆಯ ಆಕಾರದ್ದು, ಕಾಫಿ ಬೈಟು, ಎಕ್ಲೇರ್ಸು, ಕಡಲೆ ಮಿಠಾಯಿ, ಯಾವುದೂ ಬೇಡ ಅನ್ನಿಸುವುದಿಲ್ಲ. ಇವೆಲ್ಲ ಮಕ್ಕಳ ತಿಂಡಿ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಒಳ್ಳೆಯ ಕಮ್ಮರಕಟ್ಟು ಮಾಡಲು ಪಳಗಿದ ಕೈಯೇ ಬೇಕು. ಬೆಲ್ಲದ ಪಾಕ ಕುದಿದು ಗಟ್ಟಿಯಾಗುತ್ತಿರುವಾಗ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ಸ್ಟೀಲ್ ತಟ್ಟೆಗೆ ಹಾಕಿದರೆ ‘ಟಣ್’ ಅನ್ನಬೇಕು. ಆ ಸದ್ದು ಬರುವ ಮೊದಲೇ ಇಳಿಸಿದರೆ ಉಂಡೆ ಹಲ್ಲಿಗೆ ಅಂಟುತ್ತದೆ, ತಡ ಮಾಡಿದರೆ ಬೆಲ್ಲ ಸೀದು ಕಹಿಯಾಗುತ್ತದೆ. ತೆಂಗಿನ ತುರಿ, ಏಲಕ್ಕಿ ಬೆರೆತ ಆ ಪಾಕವನ್ನು ಕೈಗೆ ತುಪ್ಪ ಸವರಿಕೊಂಡು ಬಿಸಿ ಇರುವಾಗಲೇ ಉಂಡೆ ಕಟ್ಟಿ ಮುಗಿಸಬೇಕು.

ಭರಣಿಗಳ ಪಕ್ಕದಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಇನ್ನೊಂದು ಇರುತ್ತದೆ: ಚಿಗಳಿ. ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ, ಒಣಮೆಣಸಿನಕಾಯಿ ಎಲ್ಲವನ್ನೂ ಒಟ್ಟಿಗೆ ಕುಟ್ಟಿ, ಉಂಡೆ ಮಾಡಿ, ಕಡ್ಡಿ ಸಿಕ್ಕಿಸಿದರೆ ಆಯಿತು. ನಾಲಿಗೆಗೆ ಮೊದಲು ತಾಗುವುದು ಹುಳಿ, ಹಿಂದೆಯೇ ಸಿಹಿ, ಉಪ್ಪು ಆಮೇಲೆ, ಖಾರ ಎಲ್ಲಕ್ಕಿಂತ ಕೊನೆಗೆ ಗಂಟಲ ಹತ್ತಿರ. ಒಂದು ಸಿಹಿತಿಂಡಿಯಲ್ಲಿ ಇಷ್ಟು ರುಚಿಗಳು ಒಂದರ ಹಿಂದೊಂದು ಬರಬಹುದು ಎಂದು ನನಗೆ ಕಲಿಸಿದ್ದು ಚಿಗಳಿ. ದುಬಾರಿ ಚಾಕಲೇಟುಗಳನ್ನು ಹುಡುಕಿಕೊಂಡು ತಿನ್ನಲು ಶುರುಮಾಡಿದಾಗ ಈ ಪಾಠ ತುಂಬ ಉಪಯೋಗಕ್ಕೆ ಬಂತು.

ಆ ಲೋಕದಲ್ಲಿ ಬೆರಗುಗೊಳಿಸುವ ವಸ್ತುಗಳಿಗೆ ಬರವಿಲ್ಲ. ಷಿಕಾಗೋದಲ್ಲಿ 1998ರಲ್ಲಿ ಕತ್ರೀನಾ ಮಾರ್ಕಾಫ್ ಶುರುಮಾಡಿದ ವೋಜ್ ಎಂಬ ಕಂಪನಿ ಹಾಲಿನ ಚಾಕಲೇಟಿಗೆ ಸಾರಿನ ಪುಡಿಯಂಥ ಮಸಾಲೆ, ತೆಂಗಿನಕಾಯಿ ಬೆರೆಸಿ ‘ನಾಗಾ’ ಎಂಬ ಹೆಸರಿಟ್ಟಿತು. ಆಮೇಲೆ ಹುರಿದ ಹಂದಿಮಾಂಸದ ಚೂರು ಹಾಕಿದ ಚಾಕಲೇಟನ್ನೂ ತಂದಿತು. ದುಬೈನವರು ಒಂಟೆ ಹಾಲಿನಲ್ಲಿ ಮಾಡಿದರು. ಕೇರಳದ ಪಾಲ್ ಅಂಡ್ ಮೈಕ್ ಕಂಪನಿಯ ಸಿಚುವಾನ್ ಮೆಣಸು, ಕಿತ್ತಳೆ ಸಿಪ್ಪೆಯ ಕಪ್ಪು ಚಾಕಲೇಟಿಗೆ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಬಂತು. ಸ್ವಿಟ್ಜರ್ಲೆಂಡಿನ ಬ್ಯಾರಿ ಕ್ಯಾಲೆಬೋ ಕಂಪನಿ 2017ರಲ್ಲಿ ಗುಲಾಬಿ ಬಣ್ಣದ ‘ರೂಬಿ’ ಚಾಕಲೇಟನ್ನು ಬಿಡುಗಡೆ ಮಾಡಿತು. ಇತ್ತೀಚೆಗಂತೂ ಪಿಸ್ತಾ ಹೂರಣ ಮತ್ತು ಹುರಿದ ಶಾವಿಗೆ ತುಂಬಿದ ದುಬೈ ಚಾಕಲೇಟು ಬೆಂಗಳೂರಿನ ಬೇಕರಿ ಬೇಕರಿಗೂ ಬಂದು ಕೂತಿದೆ. ಅದರ ಗರಿಗರಿ ನನಗೂ ಇಷ್ಟವೇ. ಆದರೆ ಅಲ್ಲಿ ಪಿಸ್ತಾ ಮತ್ತು ಶಾವಿಗೆಯೇ ಎಲ್ಲ ಕೆಲಸ ಮಾಡುತ್ತವೆ, ಚಾಕಲೇಟು ಬರೀ ಹೊದಿಕೆ.

ಮೆಣಸು, ಉಪ್ಪು, ಹುಳಿ ಹಾಕಿದ ಚಾಕಲೇಟನ್ನು ವಿಚಿತ್ರ ಎಂದು ಚಿಗಳಿ ಚೀಪಿ ಬೆಳೆದವರು ಹೇಳಲಾರರು. ಚಾಕಲೇಟಿನ ತವರಿನಲ್ಲೂ ಅದೇನೂ ಹೊಸದಾಗಿರಲಿಲ್ಲ. ಈಗಿನ ಎಕ್ವಡಾರ್ ದೇಶದ ಕಾಡುಸೀಮೆಯಲ್ಲಿ 5,300 ವರ್ಷಗಳಷ್ಟು ಹಳೆಯ ಪಾತ್ರೆಗಳಲ್ಲಿ ಕೊಕ್ಕೋ ಅಂಶ ಇದ್ದದ್ದು 2018ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು. ಮೆಕ್ಸಿಕೋದ ಅಜ್ಟೆಕ್ ಜನ ಕೊಕ್ಕೋ ಬೀಜವನ್ನು ಅರೆದು, ನೀರಿಗೆ ಕದಡಿ, ಮೆಣಸಿನಕಾಯಿ, ವೆನಿಲಾ ಬೆರೆಸಿ, ನಾವು ಕಾಫಿ ಎತ್ತಿ ಹೊಯ್ಯುವ ಹಾಗೆ ಪಾತ್ರೆಯಿಂದ ಪಾತ್ರೆಗೆ ಎತ್ತರದಿಂದ ಸುರಿದು ನೊರೆ ಬರಿಸಿ ಕುಡಿಯುತ್ತಿದ್ದರು. ಸಕ್ಕರೆ ಸೇರಿದ್ದು ಸ್ಪೇನಿನವರು ಅಲ್ಲಿಗೆ ಬಂದ ಮೇಲೆ, ಅವರೇ ಅದನ್ನು ಯುರೋಪಿಗೂ ಒಯ್ದರು. ಆ ಹಳೆಯ ಕಾಲದ ಒಂದು ಕೊಂಡಿ ಸಿಸಿಲಿಯ ಮೋದಿಕಾ ಪಟ್ಟಣದಲ್ಲಿ ಉಳಿದಿದೆ. ಅಲ್ಲಿ ಕೊಕ್ಕೋ ಮುದ್ದೆಯನ್ನು ಸುಮಾರು 40 ಡಿಗ್ರಿಯಷ್ಟೇ ಬಿಸಿ ಮಾಡಿ ಸಕ್ಕರೆ ಬೆರೆಸುತ್ತಾರೆ. ಸಕ್ಕರೆ ಕರಗುವುದಿಲ್ಲ, ಜಗಿದಾಗ ಹರಳು ಹರಳಾಗಿ ಸಿಗುತ್ತದೆ. 2018ರಲ್ಲಿ ಅದಕ್ಕೆ ಯುರೋಪಿನ ಭೌಗೋಳಿಕ ಮಾನ್ಯತೆಯೂ ದೊರೆಯಿತು.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ ಚಾಕಲೇಟಿಗೆ ಇಂಥ ಯಾವುದನ್ನೂ ಸೇರಿಸಿರಲಿಲ್ಲ. ಮಡಗಾಸ್ಕರ್ ದ್ವೀಪದ ಸಾಂಬಿರಾನೋ ಕಣಿವೆಯ ಬೀಜದಿಂದ ಮಾಡಿದ್ದು. ಹೊದಿಕೆಯ ಹಿಂಬದಿಯಲ್ಲಿ ಬರೆದಿದ್ದದ್ದು ಎರಡೇ ಪದಾರ್ಥ: ಕೊಕ್ಕೋ ಬೀಜ, ಸಕ್ಕರೆ. ಚೂರನ್ನು ನಾಲಿಗೆ ಮೇಲಿಟ್ಟುಕೊಂಡು ಕರಗಲು ಬಿಟ್ಟೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೆನ್ನೆಯ ಒಳಗಿನಿಂದ ನೀರು ಒಡೆಯಿತು. ಹಣ್ಣಿನ ಹುಳಿ, ಕೆಂಪು ಹಣ್ಣಿನ ಹುಳಿ, ಸ್ಪಷ್ಟವಾಗಿ. ಹಣ್ಣಿನ ರಸವನ್ನಾಗಲಿ ಸುಗಂಧವನ್ನಾಗಲಿ ಹಾಕದೆ ಇಷ್ಟೊಂದು ಹುಳಿ ಹೇಗೆ ಬಂತು ಎಂಬ ಪ್ರಶ್ನೆ ಬಿಡಲಿಲ್ಲ. ಅದನ್ನು ಹಿಂಬಾಲಿಸಿಕೊಂಡು ಹೋದರೆ ದಾರಿ ನೇರವಾಗಿ ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಿಗೇ ಬಂದು ಮುಟ್ಟಿತು.

ನನ್ನ ಅಕ್ಕನನ್ನು ಕೊಟ್ಟದ್ದು ವಿಟ್ಲದ ಕಡೆ. ಭಾವನ ತೋಟದಲ್ಲಿ ಅಡಿಕೆ ಮರಗಳ ನಡುವೆ, ಮೆಣಸಿನ ಬಳ್ಳಿಗಳ ಕೆಳಗೆ, ಕೊಕ್ಕೋ ಗಿಡಗಳು ಇವೆ. ಅಡಿಕೆಯ ಸೋಗೆ ಸೋಸಿ ಕೊಡುವ ಬೆಳಕೇ ಅವಕ್ಕೆ ಸಾಕು. ಹೂ ಬಿಡುವುದು ಕಾಂಡದಲ್ಲಿ, ದಪ್ಪ ಕೊಂಬೆಗಳಲ್ಲಿ. ಉಗುರಿನಷ್ಟು ಚಿಕ್ಕದಾದ, ಬಿಳಿ ಮತ್ತು ತಿಳಿ ಗುಲಾಬಿ ಎಸಳಿನ ಹೂ. ಅದರ ಪರಾಗ ಹೊರುವುದು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೊಣ. ಗಿಡದ ಬುಡದಲ್ಲಿ ಕೊಳೆಯುವ ದರಗು, ಕಾಯಿಸಿಪ್ಪೆಗಳ ತೇವದಲ್ಲಿ ಅದು ಹುಟ್ಟಿ ಬೆಳೆಯುತ್ತದೆ. ಸಾವಿರಾರು ಹೂಗಳಲ್ಲಿ ಕಾಯಿ ಕಚ್ಚುವುದು ಕೆಲವೇ. ಕಚ್ಚಿದ ಕಾಯಿ ಹಣ್ಣಾಗಲು ಐದಾರು ತಿಂಗಳು ಬೇಕು. ಅಷ್ಟರೊಳಗೆ ಇಲಿ, ಅಳಿಲು ತೂತು ಕೊರೆಯದೆ, ಮಳೆಗಾಲದಲ್ಲಿ ಕಾಯಿ ಕಪ್ಪಾಗಿ ಕೊಳೆಯದೆ ಉಳಿಯಬೇಕು. ಅಡಿಕೆಗೆ ಕೊಳೆರೋಗ ತರುವ ಶಿಲೀಂಧ್ರದಂಥ ಸೂಕ್ಷ್ಮಜೀವಿಯ ಬಳಗದ್ದೇ ಕೊಕ್ಕೋ ಕಾಯಿಯನ್ನೂ ಕೊಳೆಸುತ್ತದೆ. ಆದ್ದರಿಂದ ಎರಡಕ್ಕೂ ಮದ್ದು ಒಂದೇ, ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ.

ಹಣ್ಣನ್ನು ಕತ್ತಿಯಿಂದ ಸೀಳುವುದಿಲ್ಲ, ಒಳಗಿನ ಬೀಜಕ್ಕೆ ಗಾಯವಾಗುತ್ತದೆ. ಭಾವ ಒಂದು ಮರದ ಕೊರಡಿಗೆ ಬಡಿದು ಒಡೆಯುತ್ತಾರೆ. ಒಳಗೆ ಮೂವತ್ತು ನಲವತ್ತು ಬೀಜ, ಬಿಳಿ ತಿರುಳಿನಲ್ಲಿ ಮುಳುಗಿ, ನಡುವಿನ ದಿಂಡಿಗೆ ಅಂಟಿಕೊಂಡಿರುತ್ತವೆ. ಆ ತಿರುಳನ್ನು ಚೀಪಿದರೆ ಸಿಹಿ ಹುಳಿ, ಬಹಳ ಚೆನ್ನಾದ ಹಣ್ಣಿನ ರುಚಿ. ತೋಟದ ಮನೆಗಳ ಮಕ್ಕಳಿಗೆಲ್ಲ ಇದು ಗೊತ್ತು. ಹಾಗೇ ಬೀಜವನ್ನು ಕಚ್ಚಿದರೆ ಮಾತ್ರ ನೇರಳೆ ಬಣ್ಣದ ಒಳಗು ಬಾಯನ್ನೆಲ್ಲ ಒಗರು ಮಾಡಿಬಿಡುತ್ತದೆ. ಚಾಕಲೇಟಿನ ಒಂದು ಎಳೆ ವಾಸನೆಯೂ ಅದರಲ್ಲಿಲ್ಲ.

ಆ ವಾಸನೆ ಹುಟ್ಟುವುದು ಮುಂದಿನ ಐದಾರು ದಿನಗಳಲ್ಲಿ, ಹುಳಿ ಬರಿಸುವ ಪೆಟ್ಟಿಗೆಯೊಳಗೆ. ತಿರುಳಿನ ಸಮೇತ ಹಸಿ ಬೀಜಗಳನ್ನು ಮರದ ಪೆಟ್ಟಿಗೆಗೆ ತುಂಬಿ, ಬಾಳೆಲೆ ಮುಚ್ಚಿ, ಮೇಲೆ ಗೋಣಿ ಹೊದಿಸುತ್ತಾರೆ. ಮೊದಲ ದಿನ ತಿರುಳಿನ ಸಕ್ಕರೆ ಹುದುಗಿ ಶೇಂದಿಯ ವಾಸನೆ ಬರುತ್ತದೆ, ತಳದ ಸಂದಿನಿಂದ ರಸ ಸುರಿಯುತ್ತದೆ. ಎರಡನೆಯ ದಿನ ಪೆಟ್ಟಿಗೆಯನ್ನು ಕಲಕಿ ಗಾಳಿ ಆಡಿಸಿದ ಮೇಲೆ ಬೇರೊಂದು ಬಗೆಯ ಸೂಕ್ಷ್ಮಜೀವಿಗಳು ಆ ಮದ್ಯಸಾರವನ್ನು ಆಮ್ಲವಾಗಿಸುತ್ತವೆ. ಈಗ ಬೀಜದ ರಾಶಿಗೆ ಕೈ ಹಾಕಿದರೆ ಸುಡುತ್ತದೆ. 45ರಿಂದ 50 ಡಿಗ್ರಿಯವರೆಗೆ ಕಾವು ಏರಿರುತ್ತದೆ. ಮುಚ್ಚಿದ ಗೋಣಿ ಎತ್ತಿದರೆ ವಿನೆಗರಿನ ಘಾಟು ಕಣ್ಣಿಗೆ ಹೊಡೆಯುತ್ತದೆ. ಆ ಕಾವು, ಆ ಆಮ್ಲ ಸಿಪ್ಪೆಯನ್ನು ಹೊಕ್ಕು ಬೀಜದ ಮೊಳಕೆಯನ್ನು ಕೊಲ್ಲುತ್ತವೆ. ಒಳಗಿನ ಗೋಡೆಗಳು ಕುಸಿದು, ಕಿಣ್ವಗಳು ಬೀಜದ ಪ್ರೋಟೀನನ್ನೂ ಸಕ್ಕರೆಯನ್ನೂ ಒಡೆದು ಹಾಕುತ್ತವೆ. ಮುಂದೆ ಹುರಿಯುವಾಗ ಚಾಕಲೇಟಿನ ಪರಿಮಳವಾಗಿ ಏಳುವುದು ಈ ಒಡೆದ ತುಣುಕುಗಳೇ. ಬಿಸಿಲಿನಲ್ಲಿ ಒಣಗುವಾಗ ಆಮ್ಲದ ಒಂದು ಪಾಲು ಹಾರಿಹೋಗುತ್ತದೆ, ಒಂದು ಪಾಲು ಬೀಜದಲ್ಲೇ ಉಳಿಯುತ್ತದೆ.

ಮಡಗಾಸ್ಕರ್ ಚಾಕಲೇಟಿನ ಹುಳಿಗೆ ಈ ಪೆಟ್ಟಿಗೆಯ ಋಣ ಬಹಳ. ಬೀಜದ ತಳಿ, ಮಣ್ಣು, ಮಳೆ ತಮ್ಮ ಪಾಲು ಕೊಡುತ್ತವೆ. ಎಕ್ವಡಾರ್‌ನ ನಾಸಿಯೋನಾಲ್ ತಳಿಯಲ್ಲಿ ಹೂವಿನ ಕಂಪು ಇರುವುದು ತಳಿಯ ಗುಣ. ಪಪುವಾ ನ್ಯೂಗಿನಿಯ ಎಷ್ಟೋ ಚಾಕಲೇಟುಗಳಲ್ಲಿ ಹೊಗೆಯ ರುಚಿ ಇರುವುದಕ್ಕೆ ಕಾರಣ ಅಲ್ಲಿ ಬಿಡದ ಮಳೆ. ಬಿಸಿಲು ಸಿಗದೆ ಸೌದೆ ಒಲೆಯ ಮೇಲೆ ಬೀಜ ಒಣಗಿಸುತ್ತಾರೆ. ಒಂದು ಊರಿನ ಹವೆ, ಒಬ್ಬ ಬೆಳೆಗಾರ ಪೆಟ್ಟಿಗೆಯನ್ನು ಎಷ್ಟು ಸಲ ಕಲಕಿದ ಎಂಬುದು, ಇವೆಲ್ಲ ನಾಲಿಗೆಗೆ ಗೊತ್ತಾಗುತ್ತವೆ. ಚಾಕಲೇಟಿನಲ್ಲಿ ಇದಕ್ಕಿಂತ ಅಪರೂಪದ ರುಚಿಯನ್ನು ಮೇಲಿಂದ ಏನನ್ನೇ ಸುರಿದರೂ ತರಲಾಗದು ಎಂಬುದು ನನ್ನ ದೃಢವಾದ ನಂಬಿಕೆ.

ಹಾಗಾದರೆ ನಾವು ಸಾಮಾನ್ಯವಾಗಿ ತಿನ್ನುವ ಚಾಕಲೇಟಿನಲ್ಲಿ ಈ ಹುಳಿ ಎಲ್ಲಿ ಹೋಯಿತು? ಸುಮಾರು ಇನ್ನೂರು ವರ್ಷಗಳ ಯಂತ್ರವಿದ್ಯೆ ಅದನ್ನು ಒಂದೊಂದೇ ಹೆಜ್ಜೆಯಲ್ಲಿ ತೊಳೆದುಹಾಕಿದೆ. ಹಾಲೆಂಡಿನ ಫಾನ್ ಹೌಟನ್ ಮನೆತನ 1828ರಲ್ಲಿ ಕೊಕ್ಕೋದಿಂದ ಬೆಣ್ಣೆ ಹಿಂಡುವ ಯಂತ್ರಕ್ಕೆ ಹಕ್ಕುಪತ್ರ ಪಡೆಯಿತು, ಪುಡಿಗೆ ಕ್ಷಾರ ಬೆರೆಸಿ ಹುಳಿ ತಗ್ಗಿಸುವ ವಿಧಾನವನ್ನೂ ಕಂಡುಕೊಂಡಿತು. ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ 1875ರಲ್ಲಿ ಹಾಲಿನ ಚಾಕಲೇಟು ಮಾಡಿದರು, ಹಾಲು ಒಗರನ್ನೂ ಹುಳಿಯನ್ನೂ ಮೆತ್ತಗೆ ಮಾಡಿತು. ಅಲ್ಲಿಯವರೇ ಆದ ರೊಡಾಲ್ಫ್ ಲಿಂಟ್ 1879ರಲ್ಲಿ ಚಾಕಲೇಟನ್ನು ಬಿಸಿಯಾಗಿಟ್ಟು ಗಂಟೆಗಟ್ಟಲೆ ತೀಡುವ ಯಂತ್ರ ತಂದರು. ತೀಡಿದಷ್ಟೂ ನುಣುಪು, ತೀಡಿದಷ್ಟೂ ಆಮ್ಲ ಆವಿಯಾಗಿ ಹೋಗುತ್ತದೆ. ಇದನ್ನು ನಾನು ದೂರುತ್ತಿಲ್ಲ. ಎಕ್ಲೇರ್ಸಿನ ಹೊಟ್ಟೆಯೊಳಗಿನ ಆ ನುಣ್ಣನೆಯ ಚಾಕಲೇಟು ಬಾಯಲ್ಲಿ ಒಡೆಯುವ ಕ್ಷಣ ನನಗೆ ಬಲು ಪ್ರಿಯ, ಅದು ಈ ವಿದ್ಯೆಯಿಂದಲೇ ಸಿಕ್ಕಿದ್ದು. ಆದರೆ ಎಲ್ಲ ಊರಿನ ಬೀಜವೂ ಒಂದೇ ರುಚಿಗೆ ಬಂದು ನಿಂತಾಗ ತೋಟದ ಗುರುತು ಅಳಿದುಹೋಗುತ್ತದೆ.

ಆ ಗುರುತನ್ನು ಮತ್ತೆ ಹುಡುಕಿ ಹೊರಟವರಿಗೆ ನೆರವಾದದ್ದು ನಮ್ಮ ದೋಸೆ ಹಿಟ್ಟಿನ ಗ್ರೈಂಡರು. ಇದು ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ. ಬೀಜ ಹುರಿದು ಚಾಕಲೇಟನ್ನು ಸ್ವತಃ ಮಾಡಬೇಕೆನ್ನುವ ಸಣ್ಣ ತಯಾರಕರಿಗೆ ದೊಡ್ಡ ಕಾರ್ಖಾನೆಯ ಯಂತ್ರಗಳು ಎಟುಕುತ್ತಿರಲಿಲ್ಲ. ಅಮೆರಿಕದ ಒರೆಗಾನ್ ರಾಜ್ಯದ ಜಾನ್ ನ್ಯಾನ್ಸಿ ಎಂಬ ರಸಾಯನ ವಿಜ್ಞಾನಿ 2000ದ ದಶಕದಲ್ಲಿ ದಕ್ಷಿಣ ಭಾರತದ ಟೇಬಲ್ ಟಾಪ್ ವೆಟ್ ಗ್ರೈಂಡರಿನಲ್ಲಿ ಕೊಕ್ಕೋ ಅರೆಯಬಹುದೆಂದು ತೋರಿಸಿದರು. ಎರಡು ಗ್ರಾನೈಟ್ ಗುಂಡುಗಳು ಕಲ್ಲಿನ ತಳದ ಮೇಲೆ ಒಂದು ದಿನ, ಎರಡು ದಿನ, ಮೂರು ದಿನ ಬಿಡದೆ ಉರುಳಿ ಬೀಜವನ್ನೂ ಸಕ್ಕರೆಯನ್ನೂ ನಾಲಿಗೆಗೆ ತರಿ ತಾಗದಷ್ಟು ನುಣ್ಣಗೆ ಅರೆಯುತ್ತವೆ. ಜಗತ್ತಿನ ಎಷ್ಟೋ ಸಣ್ಣ ಚಾಕಲೇಟು ಮನೆಗಳು ಹುಟ್ಟಿದ್ದು ಈ ಯಂತ್ರದಿಂದ. ನಮ್ಮಲ್ಲಿ ಮೈಸೂರಿನ ನವಿಲುನ, ಆರೋವಿಲ್‌ನ ಮೇಸನ್ ಅಂಡ್ ಕೋ, ಹೈದರಾಬಾದಿನ ಮಾನಮ್ ಮುಂತಾದವರು ಭಾರತದ ಬೀಜದಲ್ಲೇ ಇಂಥ ಚಾಕಲೇಟು ಮಾಡುತ್ತಿದ್ದಾರೆ.

ಬೀಜ ಬೆಳೆದವರಿಗೆ ಈ ರುಚಿ ತಲುಪಿದೆಯೇ ಎಂಬ ಕುತೂಹಲದಿಂದ ಕರಾವಳಿಯ ಬೀಜದಲ್ಲಿ ಮಾಡಿದ ಶೇಕಡಾ 70ರಷ್ಟು ಕೊಕ್ಕೋ ಇರುವ ಒಂದು ಚಾಕಲೇಟನ್ನು ಭಾವನ ಮನೆಗೆ ತೆಗೆದುಕೊಂಡು ಹೋದೆ. ಏಪ್ರಿಲ್ ಮಧ್ಯಾಹ್ನದ ಸೆಕೆಗೆ ಅದು ದಾರಿಯಲ್ಲೇ ಕರಗಿ ಮತ್ತೆ ಗಟ್ಟಿಯಾಗಿ ಮೈಯೆಲ್ಲ ಬಿಳಿಚಿಕೊಂಡಿತ್ತು. ಕೊಕ್ಕೋ ಬೆಣ್ಣೆ ಸರಿಯಾದ ಹರಳುಗಟ್ಟಿದಾಗ ಕರಗುವುದು 33-34 ಡಿಗ್ರಿಗೆ. ಬಾಯಲ್ಲಿ ಅಷ್ಟು ಸೊಗಸಾಗಿ ಕರಗುವುದೂ ಅದಕ್ಕೇ, ಕರಾವಳಿಯ ಬೇಸಿಗೆಯಲ್ಲಿ ಉಳಿಯದಿರುವುದೂ ಅದಕ್ಕೇ. ಬಿಳಿಚಿದ್ದನ್ನು ಬೂಸ್ಟು ಎಂದು ಎಸೆಯುವವರಿದ್ದಾರೆ. ಮೇಲೆ ಬಂದ ಬೆಣ್ಣೆಯಷ್ಟೇ ಅದು, ತಿನ್ನಲು ಅಡ್ಡಿಯಿಲ್ಲ.

ಊಟವಾದ ಮೇಲೆ ಜಗಲಿಯಲ್ಲಿ ಕೂತು ಮುರಿದೆವು. ಜಗಿಯಬೇಡಿ, ಕರಗಲು ಬಿಡಿ ಎಂದೆ. ಅಕ್ಕ ಮುಖ ಕಿವುಚಿ, “ಕಹಿ ಕಣೋ, ಇದಕ್ಕೆ ಇಷ್ಟು ದುಡ್ಡು ಕೊಟ್ಟೆಯಾ?” ಎಂದಳು. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಎಂತ ಮಾರಾಯ, ಇದಕ್ಕೆ ಹುಳಿ ಹಿಂಡಿದ್ದಾರಾ?”

“ಇಲ್ಲ ಭಾವ. ಬೀಜ, ಸಕ್ಕರೆ. ಅಷ್ಟೇ.”

ಇನ್ನೊಂದು ಚೂರು ತೆಗೆದುಕೊಂಡರು. “ತಡಿ, ಇದು ನಂಗೆ ಗೊತ್ತುಂಟು. ಅಪ್ಪ ಬುಟ್ಟಿಯಲ್ಲಿ ಬಾಳೆಲೆ ಹಾಸಿ ಬೀಜ ತುಂಬಿಸಿ ಇಡ್ತಾ ಇದ್ದರು. ಮಗುಚಿ ಹಾಕುವಾಗ ಬರುವ ವಾಸನೆ ಇದು. ಅದು ಹೀಗೆ ತಿನ್ನಲಿಕ್ಕೆ ಬರ್ತದೆ ಅಂತ ಯಾರಿಗೆ ಗೊತ್ತಿತ್ತು?”

ಆ ಕಾಲದ ಕಥೆ ಅವರು ಹೇಳಿದ್ದೂ, ನಾನು ಓದಿದ್ದೂ ಸೇರಿ ಹೀಗಿದೆ. ದಕ್ಷಿಣ ಭಾರತದಲ್ಲಿ ಕೊಕ್ಕೋ ವಾಣಿಜ್ಯ ಬೆಳೆಯಾಗಿ ಬೇರೂರಿದ್ದು 1960ರ ದಶಕದ ನಂತರ. ಕಂಪನಿಗಳು ಸಸಿ ಕೊಟ್ಟವು, ಅಡಿಕೆ ತೋಟದ ಖಾಲಿ ಜಾಗಕ್ಕೆ ಇದು ಹೇಳಿ ಮಾಡಿಸಿದ ಬೆಳೆ ಎಂದು ರೈತರು ನೆಟ್ಟರು. 1980ರ ಹೊತ್ತಿಗೆ ಬೆಲೆ ನೆಲಕಚ್ಚಿತು, ಕೊಳ್ಳುವವರು ಹಿಂದೆ ಸರಿದರು. ಎಷ್ಟೋ ತೋಟಗಳಲ್ಲಿ ಗಿಡಗಳನ್ನು ಬುಡಸಮೇತ ಕಡಿದು ಹಾಕಿದರು. ಆಗ ಮಾರುಕಟ್ಟೆಗೆ ಇಳಿದದ್ದು ಅಡಿಕೆ ಬೆಳೆಗಾರರು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕಟ್ಟಿಕೊಂಡಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. ಕೊಂಡ ಬೀಜವನ್ನು ಏನು ಮಾಡುವುದು? ಚಾಕಲೇಟನ್ನು ತಾವೇ ಮಾಡುವುದು ಎಂದು ತೀರ್ಮಾನಿಸಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಕಟ್ಟಿದರು. 1986ರಲ್ಲಿ ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಬೆಳೆಗಾರರೇ ಒಡೆಯರಾದ ಚಾಕಲೇಟು ಕಾರ್ಖಾನೆ ಒಂದು ತಾಲ್ಲೂಕು ಕೇಂದ್ರದಲ್ಲಿ ತಲೆಯೆತ್ತಿದ್ದನ್ನು ನಾವು ಇನ್ನೂ ಸಾಕಷ್ಟು ಕೊಂಡಾಡಿಲ್ಲ. ಅಲ್ಲಿಂದ ಬರುವ ಮೆಲ್ಟೋ ಎಂಬ ಮಿಠಾಯಿ ನನ್ನ ಭರಣಿಯಲ್ಲಿ ಯಾವಾಗಲೂ ಇರುತ್ತದೆ.

ಕೊಳ್ಳುವವರು ಖಾತ್ರಿಯಾದ ಮೇಲೆ ಹೆಚ್ಚಿನ ಬೆಳೆಗಾರರು ಹಸಿ ಬೀಜವನ್ನೇ ಮಾರತೊಡಗಿದರು. ಹುಳಿ ಬರಿಸಿ ಒಣಗಿಸುವ ಕಷ್ಟ ತಪ್ಪಿತು, ಕೈಗೆ ಕಾಸು ಬೇಗ ಬಂತು. ಆಷಾಢದ ಮಳೆಯಲ್ಲಿ ಬೀಜ ಒಣಗಿಸುವುದೆಂದರೆ ಏನೆಂದು ಬಲ್ಲವರು ಇದನ್ನು ಸೋಮಾರಿತನ ಎನ್ನಲಾರರು. ಆದರೆ ನೂರಾರು ತೋಟಗಳ ಹಸಿ ಬೀಜ ಒಂದೇ ರಾಶಿಗೆ ಬಿದ್ದಾಗ ಯಾವ ತೋಟದ ರುಚಿ ಯಾವುದೆಂದು ತಿಳಿಯುವುದಿಲ್ಲ. ಬುಟ್ಟಿ ಮಗುಚುತ್ತಿದ್ದ ಕೈಗಳ ತಿಳಿವಳಿಕೆಯೂ ಮನೆಮನೆಯಲ್ಲಿ ಒಂದು ತಲೆಮಾರಿಗೆ ನಿಂತುಹೋಗಿದೆ.

2024ರ ಮಾರ್ಚ್‌ನಲ್ಲಿ ಲೋಕದ ಮಾರುಕಟ್ಟೆಯಲ್ಲಿ ಕೊಕ್ಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೋ ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾಗಳಲ್ಲಿ ಹವೆ ಕೆಟ್ಟು, ಗಿಡಗಳಿಗೆ ವೈರಸ್ ರೋಗ ತಗುಲಿ ಬೆಳೆ ಕೈಕೊಟ್ಟಿತ್ತು. ನಮ್ಮ ಕರಾವಳಿಯಲ್ಲೂ ಧಾರಣೆ ಹಿಂದೆಂದೂ ಕಾಣದಷ್ಟು ಏರಿತು, ಹಳೆಯ ಗಿಡಗಳ ಬುಡಕ್ಕೆ ಮತ್ತೆ ಗೊಬ್ಬರ ಬಿತ್ತು. ಆಮೇಲೆ ಬೆಲೆ ಇಳಿದಿದೆ. ಏರಿಳಿಯುವ ಧಾರಣೆಯೊಂದನ್ನೇ ನಂಬಿದರೆ 1980 ಮತ್ತೆ ಬರಬಹುದು ಎಂಬ ಅಳುಕು ಭಾವನಿಗೂ ಇದೆ, ನನಗೂ ಇದೆ. ಚಾಕಲೇಟಿನ ಹೊದಿಕೆಯ ಮೇಲೆ ವಿಟ್ಲದ, ಪುತ್ತೂರಿನ, ಸುಳ್ಯದ ಹೆಸರು ಬರಬೇಕು, ತಿನ್ನುವವರು ಆ ಹೆಸರು ನೋಡಿ ಕೊಳ್ಳಬೇಕು ಎಂದು ನಾನು ಆಸೆಪಡುವುದು ಇದಕ್ಕೇ. ಮಡಗಾಸ್ಕರ್‌ನ ಒಂದು ಕಣಿವೆಗೆ ಸಿಕ್ಕ ಆ ಗೌರವಕ್ಕೆ ಬೇಕಾದದ್ದೆಲ್ಲ ನಮ್ಮ ತೋಟಗಳಲ್ಲೂ ಇದೆ. ಕೊಕ್ಕೋ ತಳಿಗಳ ಮೇಲೆ ಸಂಶೋಧನೆ ಮಾಡುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರ ಇರುವುದೂ ವಿಟ್ಲದಲ್ಲೇ.

ಸಂಜೆ ಭಾವ ಲೆಕ್ಕ ಹಾಕಲು ಕೂತರು. ಪೆಟ್ಟಿಗೆಯಲ್ಲಿ ಸರಿಯಾಗಿ ಕಾವು ಏರಬೇಕಾದರೆ ರಾಶಿ ದೊಡ್ಡದಿರಬೇಕು. ನಾಲ್ಕಾರು ಕಿಲೋ ಬೀಜ ಇಟ್ಟರೆ ಬಿಸಿಯಾಗುವ ಮೊದಲೇ ಬೂಸ್ಟು ಹಿಡಿಯುತ್ತದೆ. ಅವರೊಬ್ಬರ ತೋಟದ ಒಂದು ಕೊಯ್ಲಿಗೆ ಅಷ್ಟು ಬೀಜ ಸಿಗುವುದಿಲ್ಲ. ಅಕ್ಕಪಕ್ಕದ ಮನೆಗಳವರು ಒಂದೇ ದಿನ ಕೊಯ್ದು, ಒಂದೇ ದಿನ ಒಡೆದು ತಂದರೆ ಆದೀತು. ಮಳೆ ಕಡಿಮೆಯಾಗುವ ಹಿಂಗಾರಿನ ಕೊಯ್ಲೇ ಇದಕ್ಕೆ ಒಳ್ಳೆಯದು, ಒಣಗಿಸಲು ಬಿಸಿಲು ಸಿಗುತ್ತದೆ. ಪೆಟ್ಟಿಗೆಗೆ ಮನೆಯ ಹಿಂದೆ ಇಟ್ಟಿರುವ ಹಲಸಿನ ಹಲಗೆ ಸಾಕು ಎಂದರು. ಅಕ್ಕ ಆ ಹಲಗೆಯನ್ನು ಅಟ್ಟಕ್ಕೆಂದು ತೆಗೆದಿಟ್ಟಿದ್ದಳಂತೆ, ಅದರ ಮಾತು ಇನ್ನೂ ಮುಗಿದಿಲ್ಲ. ನೆರೆಯ ಮೂರು ಮನೆಯವರು ಬೀಜ ತರಲು ಒಪ್ಪಿದ್ದಾರೆ. ಅಂಗಳ ದೊಡ್ಡದಿರುವ ನಾಲ್ಕನೆಯ ಮನೆಯವರು, ಆ ಹೊತ್ತಿಗೆ ಅಡಿಕೆ ಹರಡಬೇಕಲ್ಲ, ಜಾಗ ಎಲ್ಲಿದೆ ಎಂದು ಕೇಳಿದ್ದಾರೆ.